ಮೊದಲ ಮಾತು ಬುಟ್ಟಿ ಹೊತ್ತವರದು

“ಕಟ್ಟಡದ ಕೆಲಸದವನು ಎಐಯನ್ನು ನಂಬಬಹುದೇ, ಗುರುಗಳೇ?” ಎಂದು ಓಬಳೇಶ ಕೇಳಿದ.

ಆರು ವರ್ಷಗಳಿಂದ ಒಂದೇ ತಂಡವನ್ನು ಇಟ್ಟುಕೊಂಡು ಮನೆ ಕಟ್ಟಿಸುತ್ತಿದ್ದ ಗುತ್ತಿಗೆದಾರ ಅವನು. ಕೆಲಸ ಕಲಿತದ್ದು ಈ ಗುರುಗಳ ಕೈಕೆಳಗೆ. ಈಚೆಗೆ ಎಷ್ಟು ಇಟ್ಟಿಗೆ ಬೇಕು, ಎಷ್ಟು ಸಿಮೆಂಟು ತರಿಸಬೇಕು, ಯಾವ ಕೆಲಸ ಯಾವ ದಿನ ಎಂಬುದನ್ನೆಲ್ಲ ಫೋನಿನಲ್ಲಿರುವ ಎಐಯನ್ನೇ ಕೇಳುತ್ತಿದ್ದ. ಅದು ಹೇಳಿದ್ದು ಇದುವರೆಗೆ ತಪ್ಪಿರಲಿಲ್ಲ. ಆದರೂ ಒಳಗೊಂದು ಅಳುಕು.

ಗುರುಗಳು ನಂಬು ಎನ್ನಲಿಲ್ಲ, ಬಿಡು ಎಂದೂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಮೇಸ್ತ್ರಿ ಇದ್ದ. ನಲವತ್ತೊಂದು ಮನೆ ಕಟ್ಟಿದ್ದ. ಒಂದರ ಗೋಡೆಯೂ ಬಿರುಕು ಬಿಟ್ಟಿರಲಿಲ್ಲ. ನಲವತ್ತೆರಡನೆಯದು ಅವನ ಮಗಳ ಮನೆ. ಮಗಳು ಆಗ ಐದು ತಿಂಗಳ ಬಸುರಿ. ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಅವಳು ಹೊಸ ಮನೆಯ ಹೊಸ್ತಿಲನ್ನೇ ದಾಟಬೇಕು ಎಂಬುದು ಅವನ ಹಟ. ಹಿಂದಿನ ಮೂಲೆಯ ಕೋಣೆ ಕೂಸಿಗೆ ಎಂದು ಪಾಯ ತೋಡುವ ಮೊದಲೇ ಗೊತ್ತುಮಾಡಿದ್ದ.

ಅವನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಪಾಯ ತೋಡಿದ ಮೇಲೆ ಮೊದಲ ಕಲ್ಲಿಡುವ ಮುನ್ನ, ಕೆಲಸ ಮಾಡಿದವರೆಲ್ಲ ಸುತ್ತ ನಿಲ್ಲುತ್ತಿದ್ದರು. ಗುಂಡಿಯ ತಳದ ಒಂದು ಹಿಡಿ ಮಣ್ಣು ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರತಿಯೊಬ್ಬರೂ ಅದನ್ನು ಹಿಸುಕಿ, ಮೂಸಿ, ತಮಗೆ ಕಂಡದ್ದನ್ನು ಹೇಳಬೇಕು. ಮೊದಲ ಮಾತು ಬುಟ್ಟಿ ಹೊತ್ತವರದು, ಕೊನೆಯ ಮಾತು ಮೇಸ್ತ್ರಿಯದು. ಅವನ ತಂದೆ ಹಾಗೆ ಮಾಡುತ್ತಿದ್ದ. ಅವನೂ ನಲವತ್ತೊಂದು ಸಲ ಹಾಗೆ ಮಾಡಿದ್ದ.

ಈ ಸಲ ಅವನ ಕೈಯಲ್ಲಿ ಎಐ ಇತ್ತು. ಗುಂಡಿಯ ಫೋಟೋ ತೆಗೆದು ಹಾಕಿದ. ಅದು ಕೇಳಿದ ನಾಲ್ಕಾರು ಪ್ರಶ್ನೆಗಳಿಗೆ ಬೆರಳಲ್ಲಿ ಉತ್ತರ ಒತ್ತಿದ. ಅದು ಪಾಯದ ಆಳ, ಅಗಲ, ಕಲ್ಲು, ಜಲ್ಲಿ ಎಲ್ಲವನ್ನೂ ಹೇಳಿತು. ಆಳ ಅವನು ಮನಸ್ಸಿನಲ್ಲಿ ಎಣಿಸಿದ್ದಷ್ಟೇ ಇತ್ತು. ಅವನಿಗೆ ಹಿಗ್ಗಾಯಿತು. ಇಂಥದ್ದು ಇರುವಾಗ ಮಣ್ಣು ಮೂಸುತ್ತ ಅರ್ಧ ದಿನ ಕಳೆಯುವುದೇಕೆ ಎಂದುಕೊಂಡ.

ಹಿಂದಿನ ಮೂಲೆಯ ಮಣ್ಣು ಹೊರುತ್ತಿದ್ದ ಹೆಂಗಸು ಬುಟ್ಟಿ ಸಮೇತ ಅವನ ಮುಂದೆ ಬಂದು ನಿಂತಳು. ಆ ಊರಿನವಳು. ಬುಟ್ಟಿಯಲ್ಲಿ ಕಪ್ಪು ಮಣ್ಣು, ನಡುವೆ ಮಡಕೆಯ ಚೂರು. ಮೇಸ್ತ್ರಿ ಫೋನಿನಿಂದ ತಲೆ ಎತ್ತಲಿಲ್ಲ. ಬುಟ್ಟಿ ಸಾಗಲಿ ಎಂದ. ಅವಳು ಹೋದಳು.

ಗೋಡೆ ಬಾಗಿಲ ಎತ್ತರಕ್ಕೆ ಬಂತು. ಅದು ಗಟ್ಟಿಯಾಗಲೆಂದು ಬೆಳಿಗ್ಗೆ ಸಂಜೆ ನೀರು ಕುಡಿಸಿದರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹಿಂದಿನ ಮೂಲೆಯ ನೆರಳಿಗೆ ಹೋಗುತ್ತಿದ್ದರು. ಆ ಹೆಂಗಸು ಮಾತ್ರ ಬುತ್ತಿ ತೆಗೆದುಕೊಂಡು ದೂರ, ಬಿಸಿಲಲ್ಲಿ ಕೂರುತ್ತಿದ್ದಳು. ಆ ಮೂಲೆ ಒಳ್ಳೆಯದಲ್ಲ, ಈಚೆ ಬನ್ನಿ ಎಂದು ಎರಡು ಸಲ ಕರೆದಳು. ಅಲ್ಲಿ ಯಾವ ದೆವ್ವ ಇದೆ, ಅದಕ್ಕೆ ಕೋಳಿ ಬೇಕೋ ಕುರಿ ಬೇಕೋ ಎಂದು ಅವರು ಕೇಳಿದರು. ಫೋನೇ ಪಾಸು ಮಾಡಿದೆ, ಇವಳು ಯಾವ ಇಂಜಿನಿಯರು ಎಂದು ಒಬ್ಬ ಅಂದ. ಮೇಸ್ತ್ರಿಯೂ ನಕ್ಕ. ಅವಳು ಆಮೇಲೆ ಕರೆಯಲಿಲ್ಲ.

ಒಂದು ದಿನ ಉಳಿದವರು ಮರಳಿನ ಲಾರಿ ಖಾಲಿ ಮಾಡುತ್ತಿದ್ದರು. ಮೇಸ್ತ್ರಿ ಒಬ್ಬನೇ ಆ ಮೂಲೆಯ ನೆರಳಲ್ಲಿ ಊಟಕ್ಕೆ ಕೂತ. ಕೂತಲ್ಲಿಂದಲೇ ತೊಟ್ಟಿಲ ಕೊಂಡಿ ಎಲ್ಲಿ ಬರಬೇಕೆಂದು ಲೆಕ್ಕ ಹಾಕಿದ. ಬುತ್ತಿ ಬಿಚ್ಚಿದಾಗ ಉಪ್ಪಿನಕಾಯಿ ಮರೆತದ್ದು ತಿಳಿಯಿತು. ಎದ್ದು, ಬಿಸಿಲಲ್ಲಿ ಕೂತಿದ್ದ ಹೆಂಗಸಿನ ಹತ್ತಿರ ಹೋಗಿ ಕೈ ಚಾಚಿದ.

ಹಿಂದೆ ನೆಲ ನಿಟ್ಟುಸಿರು ಬಿಟ್ಟ ಹಾಗೆ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಮೂಲೆ ಕುಸಿದು, ಎರಡೂ ಗೋಡೆ ಸೀಳಿ, ಅವನು ಕೂತಿದ್ದ ಜಾಗದ ಮೇಲೆ ಬಿದ್ದಿದ್ದವು. ದೂಳು ಇಳಿದಾಗ ಅವನ ಬುತ್ತಿ ಕಾಣಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು, ಅಂಗೈಯಲ್ಲಿ ಉಪ್ಪಿನಕಾಯಿಯ ಹೋಳು. ಅವನಿಗೆ ಕಂಡದ್ದು ತನ್ನ ಸಾವಲ್ಲ. ಇನ್ನು ಕೆಲವು ತಿಂಗಳು ಕಳೆದಿದ್ದರೆ ಆ ಕಲ್ಲುಗಳ ಅಡಿಯಲ್ಲಿ ಒಂದು ತೊಟ್ಟಿಲು ಇರುತ್ತಿತ್ತು.

“ನಿನಗೆ ಹೇಗೆ ಗೊತ್ತಿತ್ತು?” ಎಂದು ಅವನು ಆ ಹೆಂಗಸನ್ನು ಕೇಳಿದ.

“ಅಲ್ಲಿ ಬಾವಿ ಇತ್ತು, ಮೇಸ್ತ್ರಿ. ಸಣ್ಣವಳಿದ್ದಾಗ ನಾನೇ ನೀರು ಸೇದಿದ್ದೀನಿ. ಆಮೇಲೆ ಕಸ ತುಂಬಿ ಮುಚ್ಚಿದ್ರು.”

“ಹೇಳಬಾರದಿತ್ತೇ?”

“ಬುಟ್ಟಿ ಹೊತ್ತು ಬಂದಿದ್ದೆ. ಸಾಗಲಿ ಅಂದ್ರಿ.”

ಮೇಸ್ತ್ರಿಗೆ ಅವಳ ಮುಖ ನೋಡಲಾಗಲಿಲ್ಲ. ಸಿಟ್ಟೆಲ್ಲ ಫೋನಿನ ಮೇಲೆ ತಿರುಗಿತು. ಹಾಳು ಯಂತ್ರ ಮೋಸ ಮಾಡಿತು ಎಂದು ಎಲ್ಲರಿಗೂ ತೋರಿಸಲು ಅದನ್ನು ತೆರೆದ, ಪಾಯದ ದಿನದ ಮಾತುಕತೆ ಹುಡುಕಿದ. ಅದು ಅಲ್ಲೇ ಇತ್ತು. ಯಂತ್ರ ಕೇಳಿತ್ತು: ಫೋಟೋದಲ್ಲಿ ಒಂದು ಮೂಲೆಯ ಮಣ್ಣಿನ ಬಣ್ಣ ಬೇರೆ ಕಾಣುತ್ತಿದೆ, ಇಲ್ಲಿ ಹಿಂದೆ ಬಾವಿಯೋ ಗುಂಡಿಯೋ ಇತ್ತೇ? ಸ್ಥಳೀಯರನ್ನು ಕೇಳಿ ತಿಳಿಸಿ.

ಅದರ ಕೆಳಗೆ ಅವನ ಉತ್ತರವಿತ್ತು. ‘ಇಲ್ಲ. ಮುಂದೆ ಹೇಳು.’

ಕೇಳಬೇಕಾದ್ದನ್ನು ಯಂತ್ರ ಕೇಳಿತ್ತು. ಉತ್ತರ ಗೊತ್ತಿದ್ದವಳು ಅವನ ಎದುರಿಗೇ ಬುಟ್ಟಿ ಹಿಡಿದು ನಿಂತಿದ್ದಳು. ನಡುವೆ ಇದ್ದವನು ಅವನೊಬ್ಬನೇ.

ಮೇಸ್ತ್ರಿ ಫೋನನ್ನು ಎಸೆಯಲಿಲ್ಲ. ಬಾವಿಯ ಜಾಗ ಬಿಟ್ಟು ಹೊಸದಾಗಿ ಪಾಯ ತೋಡಿದ. ಹಿಡಿ ಮಣ್ಣು ಮೊದಲು ಆ ಹೆಂಗಸಿನ ಕೈಗೆ ಹೋಯಿತು. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಫೋನಿಗೆ ಹೇಳಿದ. ಆಮೇಲೆ ಅದರ ಲೆಕ್ಕ ಕೇಳಿದ. ಆ ಮನೆ ಮುಗಿಯುವ ಹೊತ್ತಿಗೆ ಕೂಸಿಗೆ ತೊಟ್ಟಿಲು ಬೇಕಾಗಿರಲಿಲ್ಲ. ಅದು ಹೊಸ್ತಿಲನ್ನು ತಾನೇ ನಡೆದು ದಾಟಿತು.

ಗುರುಗಳು ಕತೆ ನಿಲ್ಲಿಸಿದರು. ತನ್ನ ಫೋನಿನಲ್ಲಿ ತಾನು ಎಷ್ಟು ಸಲ ‘ಇಲ್ಲ’ ಎಂದು ಒತ್ತಿದ್ದೇನೆ ಎಂದು ಓಬಳೇಶ ಒಳಗೊಳಗೇ ಎಣಿಸುತ್ತಿದ್ದ. ಕೊನೆಗೆ, “ತಿಳಿಯಿತು ಗುರುಗಳೇ. ಅದು ಕೇಳಿದ್ದನ್ನು ಗೊತ್ತಿದ್ದವರ ಹತ್ತಿರ ಒಯ್ಯಬೇಕು. ನಾಳೆಯೇ ನನ್ನ ಕೆಲಸದವರನ್ನು ಕೇಳುತ್ತೇನೆ. ಗಾರೆ ಹೊರುವವಳಿಂದಲೇ ಶುರು ಮಾಡುತ್ತೇನೆ” ಎಂದ.

ಗುರುಗಳು ಕೇಳಿದರು: “ಆರು ವರ್ಷದಿಂದ ನಿನಗೆ ಗಾರೆ ಹೊರುತ್ತಿದ್ದಾಳಲ್ಲ, ಅವಳ ಹೆಸರೇನು?”