ಎದೆಯುಬ್ಬಿಸಿದ ಕಾವಲುಗಾರ

ಮಕ್ಕಳೇ, ಭಗವಂತನು ಹಸಿರನ್ನು ಕೈತುಂಬ ಚೆಲ್ಲಿದ್ದ ಒಂದು ಕಾಡು. ಕಾಡಿನ ನಡುವೆ ಕೆರೆ, ಕೆರೆಯ ದಡದಲ್ಲಿ ದೊಡ್ಡ ಅತ್ತಿಮರ. ಮರದ ಮೇಲೆ ಮುಸುವಗಳು, ಅಂದರೆ ಕಪ್ಪು ಮೋರೆಯ, ಉದ್ದ ಬಾಲದ ಕೋತಿಗಳು. ಮರದ ಕೆಳಗೆ ಚುಕ್ಕೆ ಜಿಂಕೆಗಳು.

ಮುಸುವಗಳು ಬೀಳಿಸಿದ ಎಲೆ, ಹಣ್ಣು ಜಿಂಕೆಗಳಿಗೆ ಊಟ. ಚಿರತೆ ಬಂದರೆ ಕೊಂಬೆಯ ಮೇಲೆ ಕಾವಲು ಕುಳಿತ ಮುಸುವ “ಖೊಕ್! ಖೊಕ್!” ಎಂದು ಕೂಗಬೇಕು. ಆ ಕೂಗು ಕೇಳಿದರೆ ಎಲ್ಲರದೂ ಓಟ. ದೇವರು ಅವರನ್ನು ಒಬ್ಬರಿಗೊಬ್ಬರು ಆಗುವಂತೆ ಜೊತೆಮಾಡಿಟ್ಟಿದ್ದ.

ಬಹಳ ಕಾಲ ಕಾವಲಿದ್ದ ದೊಡ್ಡಪ್ಪನೆಂಬ ಹಿರಿಯ ಮುಸುವ ತೀರಿಕೊಂಡ ಮೇಲೆ ಆ ಕೆಲಸ ಬೂದಣ್ಣನೆಂಬ ಮುಸುವನ ಪಾಲಿಗೆ ಬಂತು. ಬೂದಣ್ಣ ಬಹಳ ಒಳ್ಳೆಯವನು. ಆದರೆ ಮೈ ಸಣಕಲು.

‘ದೊಡ್ಡಪ್ಪನ ಎದೆ ನೋಡಿದರೇ ಎಲ್ಲರಿಗೂ ಧೈರ್ಯ ಬರುತ್ತಿತ್ತು. ನನ್ನನ್ನು ಯಾರು ನಂಬುತ್ತಾರೆ?’ ಎಂಬ ಕೊರಗು ಪಾಪ, ಅವನಿಗೆ.

ಅದಕ್ಕೇ ಅವನು ಹೊಟ್ಟೆಯನ್ನು ಒಳಗೆಳೆದುಕೊಂಡ. ಎದೆ ಉಬ್ಬಿಸಿದ. ಗದ್ದ ಮೇಲೆತ್ತಿದ. ಬಾಲವನ್ನು ಕೋಲಿನಂತೆ ಸೆಟೆಸಿ ಹಿಡಿದ. ಬೆಳಗಿನಿಂದ ಸಂಜೆಯವರೆಗೂ ಹಾಗೆಯೇ ಕುಳಿತ.

“ಅಮ್ಮಾ, ಬೂದಣ್ಣನಿಗೆ ಹೊಟ್ಟೆನೋವಾ?” ಎಂದು ಕೇಳಿತು ಹೊನ್ನಿ ಎಂಬ ಜಿಂಕೆಮರಿ.

“ಶ್! ಹಾಗನ್ನಬಾರದು,” ಎಂದಳು ತಾಯಿ ಚುಕ್ಕಮ್ಮ, ನಗು ತಡೆದುಕೊಂಡು.

ಕೆಲವೇ ದಿನಗಳಲ್ಲಿ ಬೂದಣ್ಣನ ಕುತ್ತಿಗೆ ಹಿಡಿದುಕೊಂಡಿತು. ಆಮೇಲೆ ಬೆನ್ನು. ಆಮೇಲೆ ಹಿಮ್ಮಡಿಯೂ ನೋಯತೊಡಗಿತು. ನಾಲ್ಕು ಕೊಂಬೆ ಹತ್ತಿದರೆ ಏದುಸಿರು.

“ಚುಕ್ಕಮ್ಮತ್ತೆ, ಬಿಗಿಹಿಡಿದದ್ದು ಹೊಟ್ಟೆ. ಹಿಮ್ಮಡಿ ಯಾಕೆ ನೋಯಬೇಕು ಹೇಳಿ?”

ಚುಕ್ಕಮ್ಮ ಮರಕ್ಕೆ ಹಬ್ಬಿದ್ದ ಬಳ್ಳಿಯ ಬುಡವನ್ನು ಬಾಯಲ್ಲಿ ಹಿಡಿದು ಎಳೆದಳು. ಮೇಲೆ ಬೂದಣ್ಣನ ಕಿವಿಯ ಪಕ್ಕದ ಎಲೆ ಅಲ್ಲಾಡಿತು.

“ನೋಡಿದೆಯಾ ಮಗಾ? ದೇವರು ಮೈಯ ಸ್ನಾಯುಗಳನ್ನೂ ಹೀಗೇ ಒಂದಕ್ಕೊಂದು ಹೆಣೆದಿದ್ದಾನೆ. ಒಂದು ಕಡೆ ಎಳೆದು ಕಟ್ಟಿದರೆ ಇನ್ನೊಂದು ಕಡೆ ಜಗ್ಗುತ್ತದೆ. ನಿನ್ನ ಉಸಿರೂ ಎದೆಯ ಮೇಲೇ ನಿಂತುಬಿಟ್ಟಿದೆ. ಹೊಟ್ಟೆ ಸಡಿಲ ಬಿಡಪ್ಪ.”

“ಬಿಟ್ಟರೆ ಸಣಕಲಾಗಿ ಕಾಣುತ್ತೇನೆ ಅತ್ತೆ. ಕಾವಲುಗಾರ ಕಾವಲುಗಾರನ ಹಾಗೆ ಕಾಣಬೇಡವೇ?”

“ತಲೆ ತಗ್ಗಿಸಿ ಮೇಯುವವರು ನಾವು. ನಿನ್ನ ಎದೆ ನೋಡುವವರು ಯಾರೋ? ನಮಗೆ ಬೇಕಾದದ್ದು ನಿನ್ನ ಕೂಗು.”

ಬೂದಣ್ಣ ಹೂಂ ಎಂದ. ಆದರೆ ಹೊಟ್ಟೆ ಸಡಿಲ ಬಿಡಲಿಲ್ಲ.

ಒಂದು ಮಧ್ಯಾಹ್ನ ಹೊನ್ನಿ ಒಂಟಿಯಾಗಿ ನೀರು ಕುಡಿಯಲು ಕೆರೆಗಿಳಿಯಿತು. ಹುಲ್ಲಿನ ನಡುವೆ ಚಿರತೆ ಹೊಟ್ಟೆಯನ್ನು ನೆಲಕ್ಕೊತ್ತಿ ತೆವಳುತ್ತಾ ಬರುತ್ತಿತ್ತು. ಗದ್ದ ಮೇಲೆತ್ತಿದ್ದ ಬೂದಣ್ಣನಿಗೆ ಆಕಾಶ ಕಾಣುತ್ತಿತ್ತು, ಹುಲ್ಲು ಕಾಣುತ್ತಿರಲಿಲ್ಲ. ಕಾಣುವಷ್ಟರಲ್ಲಿ ಚಿರತೆ ಹೊನ್ನಿಯ ಹತ್ತಿರವೇ ಬಂದಿತ್ತು.

ಅವನು ಕೂಗಿದ. “ಕೀ...” ಎಂದಿತು ಗಂಟಲು. ಅಷ್ಟೇ! ಬಿಗಿದ ಹೊಟ್ಟೆಯೊಳಗೆ ಉಸಿರಿಗೆ ಜಾಗವೆಲ್ಲಿ?

“ಪರಮಾತ್ಮಾ, ಆ ಮಗುವನ್ನು ಕಾಪಾಡು!” ಎಂದು ಮನಸ್ಸಿನಲ್ಲೇ ಮೊರೆಯಿಟ್ಟು ಬೂದಣ್ಣ ಕೆರೆಯ ಕಡೆಯ ಕೊಂಬೆಗೆ ಜಿಗಿದ. ಸೆಟೆದ ಬೆನ್ನು ಬಾಗಲಿಲ್ಲ, ಸೆಟೆದ ಬಾಲ ಸಮತೋಲ ಕೊಡಲಿಲ್ಲ. ಕಾಲು ಜಾರಿತು.

ಬೀಳುವವನಿಗೆ ಎದೆಯುಬ್ಬಿಸುವ ನೆನಪೆಲ್ಲಿ? ಹೊಟ್ಟೆ ಸಡಿಲಾಯಿತು, ಕುತ್ತಿಗೆ ಬಾಗಿತು, ಬಾಲ ಬೀಸಿತು. ಕೈಗೆ ಕೆಳಗಿನ ಕೊಂಬೆ ಸಿಕ್ಕಿತು. ಉಸಿರು ಹೊಟ್ಟೆಯ ಆಳಕ್ಕೆ ನುಗ್ಗಿತು.

“ಖೊಕ್! ಖೊಕ್! ಖೊಕ್!”

ಕಾಡೇ ನಡುಗಿತು. ಹೊನ್ನಿ ಚಂಗನೆ ಹಾರಿತು. ಚಿರತೆಯ ಪಂಜಕ್ಕೆ ಸಿಕ್ಕಿದ್ದು ಬರೀ ಕೆಸರು.

ಎಲ್ಲ ತಣ್ಣಗಾದ ಮೇಲೆ ಬೂದಣ್ಣ ಕಣ್ಣೀರಿಡುತ್ತಾ ಕೆಳಗಿಳಿದು ಬಂದ. “ಅತ್ತೆ, ಇನ್ನೊಂದು ಚೂರು ತಡವಾಗಿದ್ದರೆ...”

“ಆಗಲಿಲ್ಲವಲ್ಲ ಮಗಾ. ಮೇಲಿನವನು ನಡೆಸಿಕೊಟ್ಟ,” ಎಂದು ಚುಕ್ಕಮ್ಮ ಅವನ ಬೆನ್ನು ನೆಕ್ಕಿದಳು.

ಅವಳ ಕಾಲಸಂದಿಯಿಂದ ಹೊನ್ನಿ ಇಣುಕಿತು. “ಬೂದಣ್ಣಾ, ಈಗ ಹೊಟ್ಟೆನೋವು ಹೋಯ್ತಾ?”

ಬೂದಣ್ಣನಿಗೆ ಅಳುವಿನ ನಡುವೆಯೇ ನಗು ಬಂತು. ಆ ನಗು ಹೊಟ್ಟೆಯಿಂದೆದ್ದು, ಬೆನ್ನಿಗೆ ಹರಿದು, ಬಾಲದ ತುದಿಯವರೆಗೂ ಕುಣಿಯಿತು.

ನೀತಿ: ದೇವರು ಒಂದಾಗಿ ಹೆಣೆದ ಮೈಯನ್ನು ತೋರಿಕೆಗಾಗಿ ಬಿಗಿಹಿಡಿದರೆ ಉಸಿರೂ ನಿಲುವೂ ಕೆಡುತ್ತವೆ, ಇದ್ದ ಹಾಗೆ ಇರುವವನೇ ಕಷ್ಟಕಾಲದಲ್ಲಿ ಇನ್ನೊಬ್ಬರಿಗೆ ನೆರವಾಗುತ್ತಾನೆ.