ಒಂದೇ ರವಿಕೆ ಕಣದ ಹಬ್ಬ

ಒಂದಾನೊಂದು ಊರಿನಲ್ಲಿ, ಊರೊಳಗೇ, ಆಚೆ ಅಲ್ಲ, ತಿರಕವ್ವ ಎಂಬ ಮುದುಕಿ ಇದ್ದಳು. ಅವಳಿಗೊಂದು ರವಿಕೆ ಇತ್ತು. ರವಿಕೆಗಿಂತ ಅದರ ತೂತು ದೊಡ್ಡದು. ಗೌರಿ ಹಬ್ಬಕ್ಕೆ ಹೊಸದೊಂದು ಬೇಕು. ಅವಳಿಗೆ ಬೇಕಾದ್ದು ಅಷ್ಟೇ.

ಆ ಊರಿಗೊಬ್ಬ ರಾಜ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಹಬ್ಬಕ್ಕೆ ಎಷ್ಟು ಬಟ್ಟೆ ಖರ್ಚಾಗುತ್ತದೆ ಎಂಬುದೊಂದೇ ಚಿಂತೆ. ಮಂತ್ರಿ ಭಾಗಪ್ಪನನ್ನು ಕರೆದ.

"ಊರಲ್ಲಿ ನೂರು ಮನೆ. ಮನೆಗೊಂದು ರವಿಕೆ ಕಣ ಉಡುಗೊರೆ ಹೋಗಬೇಕು. ಎಷ್ಟು ಕೊಳ್ಳೋಣ?"

ಭಾಗಪ್ಪ ಬೆರಳು ಮಡಿಸಿದ. ಬಿಡಿಸಿದ. ಮತ್ತೆ ಮಡಿಸಿದ.

"ಒಂದು."

"ಒಂದೇ?"

"ಒಂದೇ, ಮಹಾಪ್ರಭು. ಅರಮನೆ ಪಕ್ಕದ ತಿರಕವ್ವನಿಗೆ ನೀವು ಕೊಡಿ. ಅವಳು ಅದನ್ನೇ ತನ್ನ ಪಕ್ಕದವರಿಗೆ ಕೊಡಲಿ. ಅವರು ಅವರ ಪಕ್ಕಕ್ಕೆ. ಎಲ್ಲರೂ ಕೊಟ್ಟ ಹಾಗಾಯಿತು, ಎಲ್ಲರಿಗೂ ಬಂದ ಹಾಗಾಯಿತು. ಕೊನೆಗೆ ಅರಮನೆಗೇ ಬರುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷಕ್ಕೂ ಅದೇ."

ರಾಜ ಖುಷಿಯಾಗಿ ಅವನಿಗೆ ಉಂಗುರ ತೊಡಿಸಿದ. ಆಮೇಲೆ ವಾಪಸು ತೆಗೆದುಕೊಂಡ.

ಡಂಗುರ ಸಾರಿದರು. ಬೆತ್ತಲೆ ಉಡುಗೊರೆ ಕೊಡಬಾರದು, ತಮ್ಮ ಮನೆಯ ಬಟ್ಟೆ ಸುತ್ತಿ ಕೊಡಬೇಕು. ಕೊಟ್ಟವರ ಮುಂದೆ ಬಿಚ್ಚಬಾರದು.

ಕಣ ತಿರಕವ್ವನ ಮನೆಗೆ ಬಂತು. ಹಸಿರು ಕಣ, ಕೆಂಪು ಅಂಚು. ತಿರಕವ್ವ ನೋಡಿದಳು. ಮುಟ್ಟಿದಳು. ಕತ್ತರಿಸಿದಳು. ಹೊಲಿದು ಹಾಕಿಕೊಂಡಳು.

ರಾಜ ಓಡಿ ಬಂದ.

"ಮುದುಕೀ, ಉಡುಗೊರೆ ಎಲ್ಲಿ?"

"ಮೈಮೇಲಿದೆ."

"ಬಿಚ್ಚಿ ಕೊಡು!"

"ಕೊಟ್ಟವರ ಮುಂದೆ ಬಿಚ್ಚಬಾರದು ಅಂದವನು ನೀನೇ ಅಲ್ಲವೇನಪ್ಪಾ?"

ರಾಜ ತಲೆಯ ಮೇಲೆ ಕೈ ಹೊತ್ತು ಕೂತ. ಕಣ ಇಲ್ಲಿಂದ ಹೊರಡದಿದ್ದರೆ ಊರಿಗೆ ಹಬ್ಬವೇ ಇಲ್ಲ. ಭಾಗಪ್ಪ ಬೆರಳು ಮಡಿಸಿದ.

"ಮುದುಕಿಯಿಂದ ಕಣ ಕಳೆಯಲು ಬರುವುದಿಲ್ಲ. ಹಾಗಾದರೆ ಕಣಕ್ಕೆ ಮುದುಕಿಯನ್ನು ಕೂಡಬೇಕು. ಮುದುಕಿಯೇ ಉಡುಗೊರೆ. ಸುತ್ತಿ."

"ಸುತ್ತಿಕೊಳ್ಳಿ," ಅಂದಳು ತಿರಕವ್ವ. "ರವಿಕೆ ಮಾತ್ರ ಬಿಡೆ."

ಅವಳ ಕೌದಿಯನ್ನೇ ಅವಳಿಗೆ ಸುತ್ತಿದರು. ಪಕ್ಕದ ಕುಂಬಾರರ ನಿಂಗಿಯ ಮನೆಗೆ ಆಳುಗಳು ಹೊತ್ತು ಹೋದರು.

"ಇದೇನು, ಕೆಮ್ಮುತ್ತಿದೆ?" ಅಂದಳು ನಿಂಗಿ.

"ರವಿಕೆ ಕಣ."

"ಕಣ ಕೆಮ್ಮುತ್ತದೆಯೇ?"

"ಹೊಸದು. ಗಂಜಿ ಜಾಸ್ತಿ."

"ಎಲ್ಲಿಯ ಗಂಜಿ! ಬೆಳಗಿನಿಂದ ಒಂದು ತುತ್ತು ಹಾಕಿಲ್ಲ ಇವರು," ಅಂತ ಒಳಗಿಂದ ಬಂತು.

ಬಿಚ್ಚೋಣವೆಂದರೆ ಕೊಟ್ಟವಳು ಒಳಗೇ ಇದ್ದಾಳೆ. ನಿಂಗಿ ಬಾಯಿಗೊಂದು ಕಿಂಡಿ ಮಾಡಿ ಹೋಳಿಗೆ ತಿನ್ನಿಸಿದಳು. ಮೇಲೊಂದು ಸೀರೆ ಸುತ್ತಿದಳು. ಮುಂದಿನ ಮನೆಗೆ ತಾನೂ ಹೊರಟಳು.

ಪ್ರತಿ ಮನೆಯಲ್ಲೂ ಒಳಗೆ ಹೋಳಿಗೆ, ಹೊರಗೆ ಸೀರೆ. ತಿರಕವ್ವ ಒಳಗಿಂದಲೂ ದಪ್ಪಗಾದಳು, ಹೊರಗಿಂದಲೂ ದಪ್ಪಗಾದಳು. ಮೊದಮೊದಲು ಹೊತ್ತರು. ಆಮೇಲೆ ಗಾಡಿಗೆ ಹಾಕಿದರು. ಗಾಡಿ ಮುರಿಯಿತು. ಉರುಳಿಸಿದರು. ಮೊದಲು ಒಂದು ಸೀರೆ ಸಾಕಿತ್ತು. ಆಮೇಲೆ ಎರಡು. ಆಮೇಲೆ ಚಾಪೆಯೊಂದನ್ನು ಬಿಟ್ಟು ಮನೆಯಲ್ಲಿದ್ದದ್ದೆಲ್ಲ. ಕೊಟ್ಟವರೆಲ್ಲ ಉರುಳಿಸಲು ಜೊತೆಗೆ ಬಂದರು. ಅವರೆಲ್ಲ ಎದುರಿಗಿದ್ದ ಮೇಲೆ ಯಾರೂ ಬಿಚ್ಚುವಂತಿಲ್ಲ.

ಉಂಡೆ ಅರಮನೆಗೆ ಬಂತು.

"ಪೆಟ್ಟಿಗೆಗೆ ಹಾಕಿ," ಅಂದ ರಾಜ. ಪೆಟ್ಟಿಗೆ ಸಾಲದು.

"ಕೋಣೆಗೆ ಹಾಕಿ."

"ಹಾಕಿ," ಅಂದಿತು ಉಂಡೆ. "ಊಟ ಎಷ್ಟು ಹೊತ್ತಿಗೆ?"

ಭಾಗಪ್ಪ ಬೆರಳು ಮಡಿಸಿದ. "ಮಹಾಪ್ರಭು, ವರ್ಷವಿಡೀ ಉಡುಗೊರೆಗೆ ಅನ್ನ ಹಾಕುವುದಕ್ಕಿಂತ ಮುಂದಿನ ವರ್ಷದ ಹಬ್ಬವನ್ನು ಇವತ್ತೇ ಮಾಡುವುದು ಅಗ್ಗ."

ಮಾಡಿದರು. ಅರಮನೆ ಪಕ್ಕದ ಮನೆ ಯಾರದು? ತಿರಕವ್ವನದು.

ಸುತ್ತುವ ಸರದಿ ರಾಜನದು. ಪರದೆ ಸುತ್ತಿದ. ಸಾಲಲಿಲ್ಲ. ಬಾವುಟ ಸುತ್ತಿದ. ಸಾಲಲಿಲ್ಲ. ಪೆಟ್ಟಿಗೆಯ ಬಟ್ಟೆಯೆಲ್ಲ ಮುಗಿಯಿತು. ಪೇಟ ಸುತ್ತಿದ. ಮೊಳದಷ್ಟು ಕಡಿಮೆ ಬಿತ್ತು. ಉಟ್ಟ ಪಂಚೆ ಸುತ್ತಿದ. ಸರಿಹೋಯಿತು.

ಭಾಗಪ್ಪನ ಕೊಡೆಯ ಮರೆಯಲ್ಲಿ ನಿಂತು ಕೂಗಿದ. "ತಿರಕವ್ವಾ, ಉಡುಗೊರೆ ಬಂದಿದೆ!"

ಬಾಗಿಲಿಗೆ ಯಾರೂ ಬರಲಿಲ್ಲ.

"ಬಂತು, ಇಡಿ," ಅಂದಿತು ಉಂಡೆ.

ಬಾಗಿಲಲ್ಲಿ ತೂರಲಿಲ್ಲ. ಗುಡಿಸಲನ್ನೇ ಎತ್ತಿ ಉಂಡೆಯ ಮೇಲಿಟ್ಟರು.

"ಇನ್ನು ಹೊರಡಿ ಎಲ್ಲರೂ. ಕೊಟ್ಟವರ ಮುಂದೆ ಬಿಚ್ಚಬಾರದು."

ಹೊರಟರು. ತಿರಕವ್ವ ಬಿಚ್ಚಿದಳು. ಬಿಚ್ಚಿದಳು. ಬಿಚ್ಚುತ್ತಲೇ ಇದ್ದಳು. ಕೊನೆಗೆ ಹಸಿರು ರವಿಕೆ ಸಿಕ್ಕಿತು. ಒಳಗೆ ತಾನೂ ಇದ್ದಳು. ಹೋಳಿಗೆಯ ದೆಸೆಯಿಂದ ಒಂದು ಹೊಲಿಗೆ ಬಿಟ್ಟಿತ್ತು. ಬಿಡಲಿ. ಬಟ್ಟೆಗೇನು ಬರವೇ?

ಬೆಳಗಾಗೆದ್ದು ಕತ್ತರಿ ಹಿಡಿದಳು. ಮನೆಗೊಂದು ರವಿಕೆ ಕಣ ಹಂಚಿದಳು. ಹೆಂಗಸರೆಲ್ಲ ಅಂದೇ ಹೊಲಿಸಿಕೊಂಡರು, ಮುದುಕಿ ಮನಸ್ಸು ಬದಲಿಸಿದರೆ ಕಷ್ಟ. ಕೊನೆಗೆ ಅರಮನೆ. ರಾಜ ಬಾಗಿಲ ಸಂದಿನಿಂದ ಕೈ ಚಾಚಿದ.

"ಇಗೋ ನಿನಗೂ. ನನ್ನ ಮುಂದೆ ಬಿಚ್ಚಬೇಡ. ಬಿಚ್ಚಲು ಇನ್ನೇನೂ ಉಳಿದ ಹಾಗಿಲ್ಲ."

ರಾಜ ಸುತ್ತಿಕೊಂಡ. ಮುಂದೆ ಸಾಕಾಯಿತು, ಹಿಂದೆ ಸಾಲದು.

"ಭಾಗಪ್ಪಾ, ಲೆಕ್ಕ ಎಲ್ಲಿ ತಪ್ಪಿತೋ?"

"ಎಲ್ಲೂ ಇಲ್ಲ, ಮಹಾಪ್ರಭು. ಗೋಡೆಗೆ ಒರಗಿ ನಿಂತರೆ ಅರ್ಧ ಸಾಕು."

ಆ ರಾಜ ಇಂದಿಗೂ ಗೋಡೆಗೆ ಒರಗಿಯೇ ರಾಜ್ಯ ಆಳುತ್ತಿದ್ದಾನೆ.

ನೀತಿ ಬೇಕೇ? ಹಬ್ಬದ ಲೆಕ್ಕ ಹಾಕುವ ಮುಂಚೆ ಗೋಡೆ ಗಟ್ಟಿ ಇದೆಯೇ ನೋಡಿಕೊಳ್ಳಿ.

ಕತೆ ಸುತ್ತಿ ಕೊಟ್ಟಿದ್ದೇನೆ. ನನ್ನ ಮುಂದೆ ಬಿಚ್ಚಬೇಡಿ. ಏಳಿ, ಮನೆಗೆ ಹೋಗಿ.