ಸಾಹೇಬರ ಮೂಗಿನೊಳಗಿನ ಸ್ಕ್ರೂ

ಮರಿ ಪುಢಾರಿ ವಿರೂಪಣ್ಣನ ಬೈಕಿನ ಹೆಡ್‌ಲೈಟ್ ಕೆಟ್ಟಿತ್ತು. ಸಂಜೆ ಎಮ್ಮೆಲ್ಲೆ ಸಾಹೇಬರ ಮೆರವಣಿಗೆಗೆ ಅದೇ ಬೈಕು ಮುಂದೆ ಹೋಗಬೇಕು. ಲೈಟು ರಿಪೇರಿಗೆ ಅದರ ಸುತ್ತಲಿನ ಪ್ಲಾಸ್ಟಿಕ್ ಕವಚ, ಅಂದರೆ ಫೇರಿಂಗ್, ಬಿಚ್ಚಲೇಬೇಕು. ಅದರ ಸ್ಕ್ರೂಗಳ ಮೇಲೆಯೇ ಸಾಹೇಬರ ನಗುಮುಖದ ಸ್ಟಿಕ್ಕರ್ ಮೆತ್ತಿತ್ತು.

"ಸಾಹೇಬರ ಮುಖಕ್ಕೆ ನೀನೊಂದು ಗೀರು ಹಾಕಿದರೂ ಗ್ಯಾರೇಜಿಗೆ ಬೀಗ ಹಾಕಿಸ್ತೀನಿ!" ಎಂದ ವಿರೂಪಣ್ಣ.

ಕಿತ್ತರೆ ಬೀಗ, ಕೀಳದಿದ್ದರೆ ಕತ್ತಲು. ಮೆಕ್ಯಾನಿಕ್ ಫಕೀರಪ್ಪ ಸ್ಟಿಕ್ಕರಿಗೆ ಭಕ್ತಿಯಿಂದ ಕೈಮುಗಿದ.

"ಅಣ್ಣಾ, ಒಂದು ಸ್ಕ್ರೂ ಸಾಹೇಬರ ಮೂಗಿನೊಳಗೇ ಇದೆ. ಸ್ಕ್ರೂಡ್ರೈವರ್ ತೂರಿಸಲಾ?"

"ಥೂ! ಕಿತ್ತು ಟ್ಯಾಂಕಿಗೆ ಅಂಟಿಸೋ."

"ಸಾಹೇಬರು ನಿಮ್ಮ ತೊಡೆ ಸಂದಿಯಲ್ಲಿ ಕೂತು ಬರ್ತಾರೆ, ಪರವಾಗಿಲ್ವಾ?"

"ಮಡ್‌ಗಾರ್ಡಿಗೆ?"

"ಕೆಸರು ಎರಚೋಕೆ ವಿರೋಧ ಪಕ್ಷದವರೇ ಬೇಕಾಗಲ್ಲ."

ವಿರೂಪಣ್ಣ ಬೆವರಿದ. "ಮತ್ತೆಲ್ಲಿಗಯ್ಯಾ?"

"ಸಾಹೇಬರು ಇರಬೇಕಾದ್ದು ನಿಮ್ಮ ಎದೆ ಮೇಲಲ್ವಾ ಅಣ್ಣಾ?"

ಸರಿಯೆನಿಸಿತು. ವಿರೂಪಣ್ಣ ತನ್ನ ಕೈಯಾರೆ ಸ್ಟಿಕ್ಕರ್ ಬಿಡಿಸಿ ಅಂಗಿಯ ಮೇಲೆ ಒತ್ತಿಕೊಂಡ. ಫಕೀರಪ್ಪ ನಿಶ್ಚಿಂತೆಯಿಂದ ಫೇರಿಂಗ್ ಬಿಚ್ಚಿ, ಬಲ್ಬು ಬದಲಿಸಿ, ಮತ್ತೆ ಕೂರಿಸಿದ. ಲೈಟು ಝಗ್ಗೆಂದಿತು.

"ಅಷ್ಟು ಬಿಗಿಯಾಗಿ ಒತ್ತಬೇಡಿ ಅಣ್ಣಾ," ಎಂದ ಕೈ ಒರೆಸಿಕೊಳ್ಳುತ್ತಾ. "ನಾಳೆ ಪಕ್ಷ ಬದಲಿಸಬೇಕಾದರೆ ಅಂಗಿ ಹರಿಯುತ್ತೆ."

ವಿರೂಪಣ್ಣ ಕಣ್ಣು ಕೆಂಪಗೆ ಮಾಡಿದ. ಆಮೇಲೆ ಅತ್ತಿತ್ತ ನೋಡಿ, ಸ್ಟಿಕ್ಕರಿನ ಒಂದು ಮೂಲೆಯನ್ನು ಮೆಲ್ಲಗೆ ಸಡಿಲಿಸಿಕೊಂಡ.